ಕಥೆ ಬಂತು, ಊರು ಬರಲಿಲ್ಲ

ಮುಂಬಯಿಯಲ್ಲಿ ಬಹುಕಾಲ ನೌಕರಿ ಮಾಡಿ, ಈಗ ವಿಶ್ರಾಂತರಾಗಿ ಊರಿಗೆ ಬಂದು ನೆಲಸಿರುವ ಮಿತ್ರರೊಬ್ಬರು ಮೊನ್ನೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಮಲಯಾಳದ ‘ಮಣಿಚಿತ್ರತ್ತಾಳ್’ ಎಂಬ ಚಲಚ್ಚಿತ್ರವನ್ನು ನಾನು ಮೆಚ್ಚಿ ಮಾತನಾಡುತ್ತಿದ್ದೆ. ಅವರು ನಡುವೆ ಬಾಯಿ ಹಾಕಿ, “ಅದನ್ನೇ ಅಲ್ಲವೆ ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ ಎಂದು ತೆಗೆದದ್ದು? ನಾನು ನೋಡಿದ್ದೇನೆ. ಚೆನ್ನಾಗಿ ನಗಿಸುತ್ತದೆ, ಕೊನೆಗೆ ಸ್ವಲ್ಪ ಹೆದರಿಸುತ್ತದೆ. ಕಥೆ ಅದೇ, ಸನ್ನಿವೇಶಗಳೂ ಅವೇ, ತೆಗೆದವರೂ ಮಲಯಾಳಿಗಳೇ. ನೀವು ಹೇಳುವ ಆ ಹೆಚ್ಚಿನದು ಏನಿದೆಯೋ ಅದು ದಾರಿಯಲ್ಲಿ ಎಲ್ಲಿ ಬಿದ್ದುಹೋಯಿತು ಸ್ವಾಮಿ?” ಎಂದರು.

ಆ ಹೊತ್ತಿಗೆ ನನಗೆ ಉತ್ತರ ತೋಚಲಿಲ್ಲ. ಮೂಲವೇ ಮೇಲು, ನಕಲು ಕೀಳು ಎಂದುಬಿಡುವುದು ಸುಲಭ. ಆದರೆ ಅದು ಅಭಿಮಾನವಾದೀತೇ ಹೊರತು ವಿಮರ್ಶೆಯಾಗದು. ಕಥೆಯೂ ಸನ್ನಿವೇಶಗಳೂ ಒಂದೇ ಆಗಿರುವಾಗ ಒಂದು ಚಿತ್ರ ಮನಸ್ಸಿನಲ್ಲಿ ಉಳಿದು, ಇನ್ನೊಂದು ಸಂಜೆಯ ವಿನೋದವಾಗಿ ಕಳೆದುಹೋಗುವುದಕ್ಕೆ ಕಾರಣ ಏನಿರಬೇಕು? ಮಿತ್ರರಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಓದುಗರ ಮುಂದೆ ಇಡಲು ಪ್ರಯತ್ನಿಸುತ್ತೇನೆ.

ಮಲಯಾಳದಿಂದ ಹಿಂದಿಗೆ ಕಥೆಗಳು ಹರಿದುಬರುತ್ತಿರುವುದು ಹೊಸ ಸಂಗತಿಯಲ್ಲ. ೧೯೮೯ರ ‘ಕಿರೀಡಂ’ ೧೯೯೩ರಲ್ಲಿ ‘ಗರ್ದಿಶ್’ ಆಯಿತು. ೧೯೯೧ರ ‘ಕಿಲುಕ್ಕಂ’ ಮರುವರ್ಷವೇ ‘ಮುಸ್ಕುರಾಹಟ್’ ಎಂಬ ಹೆಸರಿನಲ್ಲಿ ಬಂತು. ೧೯೮೯ರ ‘ರಾಂಜಿ ರಾವ್ ಸ್ಪೀಕಿಂಗ್’ ೨೦೦೦ದಲ್ಲಿ ‘ಹೇರಾ ಫೇರಿ’ಯಾಗಿ ಮನೆಮಾತಾಯಿತು. ೧೯೯೩ರ ‘ಮಣಿಚಿತ್ರತ್ತಾಳ್’ ೨೦೦೭ರಲ್ಲಿ ‘ಭೂಲ್ ಭುಲಯ್ಯಾ’. ೨೦೦೭ರ ‘ಕಥ ಪರಯುಂಬೋಳ್’ ೨೦೦೯ರಲ್ಲಿ ‘ಬಿಲ್ಲು’. ಈ ಐದನ್ನೂ ಹಿಂದಿಗೆ ತಂದವರು ಒಬ್ಬರೇ: ಪ್ರಿಯದರ್ಶನ್. ಅವರು ಸ್ವತಃ ಮಲಯಾಳದ ಹೆಸರಾಂತ ನಿರ್ದೇಶಕರು. ಅಷ್ಟೇ ಅಲ್ಲ, ಫಾಜಿಲ್ ಅವರು ‘ಮಣಿಚಿತ್ರತ್ತಾಳ್’ ತೆಗೆದಾಗ ಅದರ ಎರಡನೆಯ ಘಟಕದ ನಿರ್ದೇಶನಕ್ಕೆ ನಿಂತವರಲ್ಲಿ ಇದೇ ಪ್ರಿಯದರ್ಶನ್ ಇದ್ದರು. ‘ಕಿರೀಡಂ’ ತೆಗೆದ ಸಿಬಿ ಮಲಯಿಲ್ ಇದ್ದರು. ‘ರಾಂಜಿ ರಾವ್’ ತೆಗೆದ ಸಿದ್ದಿಕ್–ಲಾಲ್ ಜೋಡಿಯೂ ಇತ್ತು. ಆದುದರಿಂದ ಹಿಂದಿಗೆ ತಂದವರಿಗೆ ಮೂಲ ಅರ್ಥವಾಗಿರಲಿಲ್ಲ ಎನ್ನುವ ಮಾತು ನಿಲ್ಲುವುದಿಲ್ಲ. ಮೂಲವನ್ನು ಅಂಗೈ ನೆಲ್ಲಿಯಂತೆ ಬಲ್ಲವರ ಕೈಯಲ್ಲೇ ಏನೋ ಜಾರಿದೆ. ಹಾಗಾದರೆ ತಪ್ಪು ತಿಳಿವಳಿಕೆಯದಲ್ಲ. ಬೇರೆ ಯಾವುದೋ ಇರಬೇಕು.

ಬೇರೆಯವರ ಕಥೆಯನ್ನು ತಂದು ನಮ್ಮದನ್ನಾಗಿ ಮಾಡಿಕೊಳ್ಳುವುದು ಹೀನವಾದ ಕೆಲಸ ಎಂದು ಕನ್ನಡಿಗನಾದವನು ಹೇಳಲಾರ. ಬಿ. ಎಂ. ಶ್ರೀಕಂಠಯ್ಯನವರು ೧೯೨೯ರಲ್ಲಿ ‘ಅಶ್ವತ್ಥಾಮನ್’ ಬರೆದದ್ದು ಸೊಫೊಕ್ಲಿಸನ ‘ಅಯಾಸ್’ ನಾಟಕವನ್ನು ಅನುಸರಿಸಿ. ಗ್ರೀಕ್ ವೀರನೊಬ್ಬನ ಅವಮಾನವನ್ನು, ಮತಿಭ್ರಮಣೆಯನ್ನು, ಆತ್ಮಾಹುತಿಯನ್ನು ಅವರು ಕನ್ನಡಕ್ಕೆ ತರುವಾಗ ಬರಿಯ ಹೆಸರು ಬದಲಾಯಿಸಿ ಸುಮ್ಮನಾಗಲಿಲ್ಲ. ಅಷ್ಟು ದುಃಖವನ್ನು ತಾಳಿಕೊಳ್ಳಬಲ್ಲ ಒಂದು ನೆಲ ನಮ್ಮಲ್ಲಿ ಎಲ್ಲಿದೆ ಎಂದು ಹುಡುಕಿದರು. ಕುರುಕ್ಷೇತ್ರದಲ್ಲಿ ಅದು ಸಿಕ್ಕಿತು. ನಮ್ಮ ಹಿರಿಯರು ಇಂಥದನ್ನು ಭಾಷಾಂತರ ಎನ್ನದೆ ರೂಪಾಂತರ ಎಂದು ಕರೆದರು. ಭಾಷಾಂತರದಲ್ಲಿ ಮಾತಿಗೆ ಮಾತು ಹುಡುಕಬೇಕು. ರೂಪಾಂತರದಲ್ಲಿ ನೆಲಕ್ಕೆ ನೆಲ ಹುಡುಕಬೇಕು. ಎರಡನೆಯದೇ ಹೆಚ್ಚು ಕಷ್ಟದ್ದು. ಮುಂಬಯಿಯ ಚಿತ್ರಗಳನ್ನು ಈ ಅಳತೆಗೋಲಿನಿಂದಲೇ ಅಳೆಯುವುದು ನ್ಯಾಯವೆಂದು ನನಗೆ ತೋರುತ್ತದೆ.

‘ಮಣಿಚಿತ್ರತ್ತಾಳ್’ ಎಂದರೆ ಕುಸುರಿ ಕೆಲಸದ ಬೀಗ. ಮಾಡಂಪಳ್ಳಿ ಎಂಬ ಹಳೆಯ ತರವಾಡು ಮನೆಯ ಒಂದು ಭಾಗಕ್ಕೆ ಆ ಬೀಗ ಬಿದ್ದಿದೆ. ಆ ಭಾಗದ ಹೆಸರು ತೆಕ್ಕಿನಿ, ಎಂದರೆ ತೆಂಕಣ ಕಟ್ಟು. ಕೇರಳದ ದೊಡ್ಡ ಮನೆಗಳಲ್ಲಿ ನಾಲ್ಕು ದಿಕ್ಕಿಗೂ ಒಂದೊಂದು ಕಟ್ಟು, ನಡುವೆ ಅಂಗಳ. ನಮ್ಮ ತೊಟ್ಟಿಮನೆಗಳನ್ನು ಕಂಡವರಿಗೆ ಇದು ಥಟ್ಟನೆ ಹೊಳೆಯುತ್ತದೆ. ತೆಂಕಣ ಕಟ್ಟಿನಲ್ಲಿ ಹಿಂದೊಮ್ಮೆ ಶಂಕರನ್ ತಂಬಿ ಎಂಬ ಯಜಮಾನ ನಾಗವಲ್ಲಿ ಎಂಬ ತಂಜಾವೂರಿನ ನರ್ತಕಿಯನ್ನು ತಂದಿರಿಸಿ, ಅವಳ ಮನಸ್ಸು ಇನ್ನೊಬ್ಬನಲ್ಲಿದೆಯೆಂದು ತಿಳಿದಾಗ ಕೊಂದನೆಂದು ಐತಿಹ್ಯ. ಆ ಮನೆಗೆ ಹೊಸದಾಗಿ ಬಂದ ಸೊಸೆ ಗಂಗಾ ಆ ಬೀಗವನ್ನು ತೆಗೆಸುತ್ತಾಳೆ. ಚಿಕ್ಕಂದಿನಲ್ಲಿ ತಂದೆತಾಯಿಗಳು ಕಲ್ಕತ್ತೆಯಲ್ಲಿದ್ದಾಗ ಅಜ್ಜಿಯ ಆಸರೆಯಲ್ಲಿ, ಅಜ್ಜಿಯ ಕಥೆಗಳಲ್ಲಿ ಬೆಳೆದ ಹೆಂಗಸು ಅವಳು. ಸತ್ತ ನರ್ತಕಿಯ ಸಂಕಟವನ್ನು ಅವಳು ಕ್ರಮೇಣ ತನ್ನದನ್ನಾಗಿ ಮಾಡಿಕೊಳ್ಳುತ್ತಾಳೆ. ದೆವ್ವವಿಲ್ಲ, ಇರುವುದು ರೋಗ. ಆ ರೋಗಕ್ಕೂ ಒಂದು ಮನೆಯ ಚರಿತ್ರೆಯಿದೆ, ಒಂದು ಮಗುವಿನ ಒಂಟಿತನವಿದೆ. ಮಧು ಮುಟ್ಟಂ ಅವರ ಈ ಚಿತ್ರಕಥೆಯನ್ನು ಅಭಿನಯಿಸಿ ತೋರಿಸಿದ ಶೋಭನಾ ಅವರಿಗೆ ಶ್ರೇಷ್ಠ ನಟಿಯೆಂದು ರಾಷ್ಟ್ರಪ್ರಶಸ್ತಿ ಬಂದದ್ದು ಯೋಗ್ಯವಾಗಿಯೇ ಇದೆ.

ಈ ಕಥೆಯಲ್ಲಿ ಮೂರು ಸಂಗತಿಗಳು ಒಂದನ್ನೊಂದು ಹಿಡಿದು ನಿಂತಿವೆ. ಮೊದಲನೆಯದು ಮನೆ. ಎರಡನೆಯದು ಮಾತು. ಮಲಯಾಳಿಯಾದ ಗಂಗಾ ಮಂಚವನ್ನು ಒಂದೇ ಕೈಯಲ್ಲಿ ಎತ್ತಿ, ಮುಖ ಬೇರೆಯಾಗಿ, ತಮಿಳಿನಲ್ಲಿ ಗದರುತ್ತಾಳೆ. ತಮಿಳು ಮಲಯಾಳಿಗೆ ಪರಭಾಷೆಯೂ ಹೌದು, ಪರಭಾಷೆ ಅಲ್ಲವೂ ಹೌದು. ಕಲಿಯದೆಯೇ ಅರೆವಾಸಿ ಅರ್ಥವಾಗುವ ನೆರೆಮನೆಯ ಮಾತು. ತಂಜಾವೂರಿನ ಕಲೆ ತಿರುವಾಂಕೂರಿಗೆ ಹೋದದ್ದಕ್ಕೆ ಚರಿತ್ರೆಯ ಆಧಾರವೂ ಉಂಟು: ತಂಜಾವೂರಿನ ನಾಲ್ವರು ಸೋದರರಲ್ಲಿ ಒಬ್ಬರಾದ ವಡಿವೇಲು ಸ್ವಾತಿ ತಿರುನಾಳರ ಆಸ್ಥಾನದಲ್ಲಿದ್ದರು. ಹೀಗಾಗಿ ನಾಗವಲ್ಲಿ ಎಲ್ಲಿಂದಲೋ ಹಾರಿಬಂದ ಪಿಶಾಚಿಯಲ್ಲ. ಎರಡು ನಾಡುಗಳ ನಡುವಣ ಹಳೆಯ ಹೋಗುಬರವಿನ ದಾರಿಯಲ್ಲಿ ಬಂದವಳು.

ಮೂರನೆಯದು ನಂಟು. ಮನೆಯಲ್ಲಿ ಅವಘಡಗಳು ಆರಂಭವಾದಾಗ ಎಲ್ಲರ ಸಂಶಯ ಬೀಳುವುದು ಗಂಗೆಯ ಮೇಲಲ್ಲ, ಶ್ರೀದೇವಿ ಎಂಬ ಹೆಣ್ಣಿನ ಮೇಲೆ. ಗಂಗೆಯ ಗಂಡ ನಕುಲನಿಗೆ ಅವಳು ವರಸೆಯ ಹೆಣ್ಣು. ಜಾತಕದಲ್ಲಿ ಕುಜದೋಷವಿದೆಯೆಂದು ಆ ಮದುವೆ ತಪ್ಪಿತ್ತು. ಬೇರೆ ಕಡೆ ಆದ ಮದುವೆ ಬಾಳಲಿಲ್ಲ. ತನಗೆ ಸಲ್ಲಬೇಕಾಗಿದ್ದ ಮನೆಯಲ್ಲಿ ಇನ್ನೊಬ್ಬಳು ಸೊಸೆಯಾಗಿ ಬಂದಿರುವಾಗ ಮೌನವಾಗಿ ಕೆಲಸ ಮಾಡಿಕೊಂಡಿರುವ ಹೆಣ್ಣು. ಅವಳ ಮೇಲೆ ಜನ ಸಂಶಯಪಡುವುದಕ್ಕೆ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಪಾತ್ರವನ್ನು ಮಾಡಿದವರು ನಮ್ಮವರೇ ಆದ ವಿನಯಾ ಪ್ರಸಾದ್. ಸೋದರಮಾವನ ಮಗಳು, ಸೋದರತ್ತೆಯ ಮಗ ಎಂಬ ವರಸೆ ನಮಗೆ ಹೊಸದಲ್ಲವಾದ್ದರಿಂದ, ಆ ಹೆಣ್ಣು ಬಾಗಿಲ ಸಂದಿಯಲ್ಲಿ ನಿಂತಾಗ ಕನ್ನಡ ಪ್ರೇಕ್ಷಕನಿಗೆ ಅವಳ ಅರ್ಧ ಕಥೆ ಮಾತಿಲ್ಲದೆಯೇ ತಿಳಿಯುತ್ತದೆ.

ಇನ್ನು ‘ಭೂಲ್ ಭುಲಯ್ಯಾ’. ಅದರಲ್ಲಿ ಒಂದು ವಿಷಯವನ್ನು ಮೆಚ್ಚಲೇಬೇಕು. ತಂಜಾವೂರಿನ ನಾಗವಲ್ಲಿಯನ್ನು ಅದು ಬಂಗಾಳದ ಮಂಜುಲಿಕಾ ಮಾಡಿತು. ಕಥೆ ನಡೆಯುವುದು ಕಾಶಿಯಲ್ಲಿ. ಕಾಶಿಗೂ ಬಂಗಾಳಕ್ಕೂ ಇರುವ ನಂಟು ಹಳೆಯದು. ಹಿಂದಿಯವನಿಗೆ ಬಂಗಾಳಿಯೂ ಅರೆವಾಸಿ ತಿಳಿಯುವ ನೆರೆಮನೆಯ ಮಾತೇ. ವಿದ್ಯಾ ಬಾಲನ್ ಅವರು ಹಿಂದಿಯಿಂದ ಬಂಗಾಳಿಗೆ ಹೊರಳುವ ಕ್ಷಣದಲ್ಲಿ ಮೂಲದ ಬೆಚ್ಚು ಬಹುಮಟ್ಟಿಗೆ ಉಳಿದಿದೆ. ಇಲ್ಲಿ ನೆಲಕ್ಕೆ ನೆಲ ಸಿಕ್ಕಿತೆನ್ನಬಹುದು. ಮಿಕ್ಕ ಎರಡರಲ್ಲಿ ಹಾಗಾಗಲಿಲ್ಲ. ಮನೆಯನ್ನು ನೋಡಿ: ಕಾಶಿಯ ಬ್ರಾಹ್ಮಣ ಕುಟುಂಬದ ಅರಮನೆಯೆಂದು ತೋರಿಸುವುದು ಜಯಪುರದ ಬಳಿಯ ಚೋಮೂ ಅರಮನೆಯನ್ನು. ಕಲ್ಲು ರಾಜಸ್ಥಾನದ್ದು, ಜನ ಕಾಶಿಯವರು, ಪ್ರೇತ ಬಂಗಾಳದ್ದು. ಕಣ್ಣಿಗೆ ಅದು ವೈಭವವಾಗಿಯೇ ಕಾಣುತ್ತದೆ. ಆದರೆ ಆ ಕಲ್ಲಿನ ಮನೆಯಲ್ಲಿ ಯಾರ ಅಜ್ಜಿಯೂ ಹುಟ್ಟಿದಂತೆ ಕಾಣುವುದಿಲ್ಲ. ಬೀಗ ಹಾಕಿದ ಕೋಣೆ ಅಲ್ಲಿ ಮನೆಯ ಗುಟ್ಟಾಗುವುದಿಲ್ಲ. ಪ್ರವಾಸಿಗಳು ನೋಡದೆ ಬಿಟ್ಟ ಕೋಣೆಯಂತಿರುತ್ತದೆ.

ನಂಟಿನ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಉತ್ತರದ ಹಿಂದೂ ಕುಟುಂಬಗಳಲ್ಲಿ ಸಾಮಾನ್ಯವಾಗಿ ಚಿಕ್ಕಪ್ಪನ ಮಕ್ಕಳಷ್ಟೇ ಅಲ್ಲ, ಸೋದರಮಾವನ ಮಕ್ಕಳೂ ಅಣ್ಣತಂಗಿಯರೇ. ವರಸೆಯ ಹೆಣ್ಣು ಎಂಬ ಭಾವನೆಗೇ ಅಲ್ಲಿ ಎಡೆಯಿಲ್ಲ. ಹಿಂದಿ ಚಿತ್ರದವರು ಏನು ಮಾಡಿದರು? ಶ್ರೀದೇವಿಯ ಸ್ಥಾನದಲ್ಲಿರುವ ರಾಧೆಯನ್ನು ಆ ಮನೆಯ ಹಿರಿಯರ ಸಾಕುಮಗಳನ್ನಾಗಿ ಮಾಡಿದರು. ರಕ್ತಸಂಬಂಧವಿಲ್ಲವಾದ್ದರಿಂದ ಅವಳು ನಾಯಕನನ್ನು ಬಯಸಿದ್ದಳೆಂದರೆ ಯಾರೂ ಕಿವಿ ಮುಚ್ಚಿಕೊಳ್ಳಬೇಕಾಗಿಲ್ಲ. ತೊಡಕನ್ನು ಬಿಡಿಸಿದ ಜಾಣತನವನ್ನು ಒಪ್ಪೋಣ. ಆದರೆ ಗಂಟು ಬಿಚ್ಚಿದ ಕೂಡಲೆ ಬಟ್ಟೆಯೂ ಸಡಿಲವಾಯಿತು. ಶ್ರೀದೇವಿಗೆ ಆ ಮನೆಯಲ್ಲಿ ಒಂದು ಹಕ್ಕು ಇತ್ತು, ಅದು ತಪ್ಪಿಹೋಗಿತ್ತು. ರಾಧೆಗೆ ಇದ್ದದ್ದು ಆಸೆ ಮಾತ್ರ. ಹಕ್ಕು ತಪ್ಪಿದವಳ ಮೇಲೆ ಊರು ಸಂಶಯಪಡುವುದು ಕ್ರೂರವಾದರೂ ಸಹಜ. ಆಸೆಪಟ್ಟವಳ ಮೇಲೆ ಪಡುವ ಸಂಶಯ ಪತ್ತೇದಾರಿ ಕಥೆಯ ಹಾದಿ ತಪ್ಪಿಸುವ ತಂತ್ರವಾಗಿ ಮಾತ್ರ ಉಳಿಯುತ್ತದೆ. ಒಂದೇ ಒಂದು ಸಂಬಂಧದ ಹೆಸರು ಬದಲಾದದ್ದರಿಂದ ಒಂದು ಪಾತ್ರದ ದುಃಖವೆಲ್ಲ ಸೋರಿಹೋಯಿತು.

ಈ ಕಥೆ ಹಿಂದಿಗಿಂತ ಮೊದಲೇ ಕನ್ನಡಕ್ಕೆ ಬಂದಿತ್ತು: ಪಿ. ವಾಸು ಅವರ ‘ಆಪ್ತಮಿತ್ರ’, ೨೦೦೪ರಲ್ಲಿ. ಮಲಯಾಳಿಗೆ ತಮಿಳು ಹೇಗೋ ಹಾಗೆ ನಮಗೆ ತೆಲುಗು ಎಂದು ಅಲ್ಲಿ ನಾಗವಲ್ಲಿಯ ಬಾಯಲ್ಲಿ ತೆಲುಗನ್ನಿಟ್ಟರು, ಅದು ಒಪ್ಪಿತು. ಆದರೆ ನಾವು ಹಿಂದಿಯವರನ್ನು ನೋಡಿ ನಗುವಂತಿಲ್ಲ. ೨೦೧೦ರ ‘ಆಪ್ತರಕ್ಷಕ’ದಲ್ಲಿ ಹಿಂದಿನ ಕಾಲದ ಆ ರಾಜ ಇನ್ನೂ ಬದುಕಿಯೇ ಇದ್ದಾನೆಂದು ತೋರಿಸಿ, ಮೂಲ ಓಡಿಸಿದ್ದ ಅದ್ಭುತವನ್ನು ನಾವೇ ಹಿಂಬಾಗಿಲಿನಿಂದ ಕರೆತಂದೆವು. ಹಿಂದಿಯಲ್ಲಿ ೨೦೨೨ರಲ್ಲಿ ಬಂದ ಎರಡನೆಯ ‘ಭೂಲ್ ಭುಲಯ್ಯಾ’ ಬೇರೆಯವರ ನಿರ್ದೇಶನದ್ದು, ಬೇರೆಯೇ ಕಥೆ. ಅದರಲ್ಲಿ ದೆವ್ವ ನಿಜವಾದ ದೆವ್ವ. ಒಂದು ಹೆಣ್ಣಿನ ನೋವನ್ನು ದೆವ್ವವೆಂದು ಕರೆಯಬೇಡಿ ಎಂದು ಹೇಳಲು ಹುಟ್ಟಿದ ಕಥೆ ಊರೂರು ತಿರುಗಿ ಕೊನೆಗೆ ದೆವ್ವವಿದೆ ಎಂದು ಸಾರುವ ಸ್ಥಿತಿಗೆ ಬಂತು. ನೆಲ ಬಿಟ್ಟ ಕಥೆಗೆ ತನ್ನ ಅರ್ಥವನ್ನು ಕಾಪಾಡಿಕೊಳ್ಳುವ ಶಕ್ತಿಯಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

‘ಕಿರೀಡಂ’ ಇನ್ನೊಂದು ಬಗೆಯ ಪಾಠ. ಲೋಹಿತದಾಸರು ಬರೆದ ಕಥೆ. ಅಚ್ಯುತನ್ ನಾಯರ್ ಒಬ್ಬ ಹೆಡ್ ಕಾನ್ಸ್‌ಟೇಬಲ್. ಮಗ ಸೇತುಮಾಧವನ್ ಸಬ್ ಇನ್ಸ್‌ಪೆಕ್ಟರ್ ಆಗಬೇಕು, ತಾನು ಅವನಿಗೆ ಸೆಲ್ಯೂಟ್ ಹೊಡೆಯಬೇಕು ಎಂಬುದು ಅವನ ಕನಸು. ಶಾಸಕನ ಮಗನೊಬ್ಬನನ್ನು ದಂಡಿಸಿದ ತಪ್ಪಿಗೆ ಅವನಿಗೆ ರಾಮಪುರಕ್ಕೆ ವರ್ಗವಾಗುತ್ತದೆ. ಅಲ್ಲಿನ ಪೇಟೆಯಲ್ಲಿ ಕೀರಿಕ್ಕಾಡನ್ ಜೋಸ್ ಎಂಬ ರೌಡಿ ಅಪ್ಪನನ್ನು ಬಡಿಯುತ್ತಿರುವುದನ್ನು ಕಂಡು ಮಗ ತಡೆಯಲಾರದೆ ಅವನ ಮೇಲೆ ಕೈಮಾಡುತ್ತಾನೆ. ಅಷ್ಟೇ. ಆ ಒಂದು ಗಳಿಗೆಯಿಂದ ಊರು ಅವನಿಗೆ ರೌಡಿಯ ಕಿರೀಟ ತೊಡಿಸುತ್ತದೆ. ಅವನು ಎಷ್ಟು ಬೇಡವೆಂದರೂ ತೆಗೆಯುವುದಿಲ್ಲ. ಸೋದರಮಾವನ ಮಗಳೊಡನೆ ಆಗಬೇಕಾಗಿದ್ದ ಮದುವೆ ಮುರಿಯುತ್ತದೆ. ಕೊನೆಗೆ ಅವನು ಕೊಲೆಗಾರನಾಗುತ್ತಾನೆ. ಮಗ ನೌಕರಿಗೆ ಯೋಗ್ಯನಲ್ಲವೆಂದು ಅಪ್ಪನೇ ಹೇಳಬೇಕಾಗುತ್ತದೆ. ಮೋಹನಲಾಲರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಸಮಿತಿಯ ವಿಶೇಷ ಉಲ್ಲೇಖ ದೊರೆಯಿತು. ತಂದೆಯಾಗಿ ತಿಲಕನ್ ಮಾಡಿದ ಅಭಿನಯ ಅದಕ್ಕೆ ಒಂದು ಕೂದಲೆಳೆಯಷ್ಟೂ ಕಡಿಮೆಯಲ್ಲ.

‘ಗರ್ದಿಶ್’ ಈ ಕಥೆಯನ್ನು ಶ್ರದ್ಧೆಯಿಂದಲೇ ಅನುಸರಿಸುತ್ತದೆ. ಕಾನ್ಸ್‌ಟೇಬಲನನ್ನು ಸಾಠೆ ಎಂಬ ಮರಾಠಿ ಹವಾಲ್ದಾರನನ್ನಾಗಿ ಮಾಡಿದ್ದು ಸರಿಯಾದ ಆಯ್ಕೆ. ಅಮರೀಶ್ ಪುರಿ ಅವರು ಆ ಪಾತ್ರಕ್ಕೆ ಗಾಂಭೀರ್ಯ ತಂದಿದ್ದಾರೆ. ಜಾಕಿ ಶ್ರಾಫ್ ಕೂಡ ಮನಸ್ಸಿಟ್ಟು ದುಡಿದಿದ್ದಾರೆ. ಮನೆಯ ಒಳಗಿನ ದೃಶ್ಯಗಳು ನಂಬುವಂತಿವೆ. ಮನೆಯಿಂದ ಬೀದಿಗೆ ಬಂದಾಗ ಮಾತ್ರ ಕಥೆ ಕಾಲೂರುವುದಿಲ್ಲ, ಏಕೆಂದರೆ ಬೀದಿ ಬೊಂಬಾಯಿಯದು. ರಾಮಪುರದಲ್ಲಿ ಇರುವುದು ಒಂದು ಪೇಟೆ, ಒಂದು ಠಾಣೆ, ಒಬ್ಬ ಜೋಸ್. ಅಲ್ಲಿ ಬೆಳಿಗ್ಗೆ ನಡೆದದ್ದು ಮಧ್ಯಾಹ್ನಕ್ಕೆ ಎಲ್ಲ ಜಗಲಿಗಳಲ್ಲೂ ಮಾತಾಗಿರುತ್ತದೆ. ಬಿದ್ದ ಹೆಸರನ್ನು ತೊಳೆದುಕೊಳ್ಳಲು ಎರಡನೆಯ ಬೀದಿಯೇ ಇಲ್ಲ. ಬೊಂಬಾಯಿಯ ಗುಣ ಇದಕ್ಕೆ ಪೂರಾ ವಿರುದ್ಧವಾದದ್ದು. ಲೋಕಲ್ ಗಾಡಿ ಹತ್ತಿ ನಾಲ್ಕು ಸ್ಟೇಷನ್ ದಾಟಿದರೆ ಮನುಷ್ಯ ಹೊಸಬ. ಆ ನಗರಕ್ಕೆ ಲಕ್ಷಾಂತರ ಜನ ಹೋಗುವುದೇ ಊರಿನ ಕಣ್ಣಿನಿಂದ ತಪ್ಪಿಸಿಕೊಳ್ಳಲು. ಹಾಗಾಗಿ ‘ಗರ್ದಿಶ್’ನ ನಾಯಕ ನರಳುವಾಗ ನಮಗೆ ಮರುಕ ಬರುತ್ತದೆ, ಆದರೆ ಬೇರೆ ದಾರಿಯೇ ಇರಲಿಲ್ಲ ಎಂಬ ಉಸಿರುಕಟ್ಟು ಬರುವುದಿಲ್ಲ. ದುರಂತಕ್ಕೆ ಬೇಕಾದದ್ದು ಆ ಉಸಿರುಕಟ್ಟು. ‘ಕಿರೀಡಂ’ನಲ್ಲಿ ಅದನ್ನು ಒದಗಿಸಿದ್ದು ಜೋಸನಲ್ಲ, ಊರು.

ಅನುಸರಣೆ ಹೆಚ್ಚಾದಷ್ಟೂ ಕೃತಿ ಸೊರಗುತ್ತದೆಯೆಂದು ಇದರಿಂದ ಹೇಳಬಹುದೆ? ಸ್ವಾತಂತ್ರ್ಯ ವಹಿಸಿದ ಕಡೆಗಳಲ್ಲಿ ಎಲ್ಲವೂ ಸರಿಹೋಗಿದೆಯೆಂದೂ ಹೇಳುವಂತಿಲ್ಲ. ‘ಕಥ ಪರಯುಂಬೋಳ್’ ಬಡ ಕ್ಷೌರಿಕನೊಬ್ಬನ ಕಥೆ. ದೊಡ್ಡ ಸಿನಿಮಾ ನಟನೊಬ್ಬ ಊರಿಗೆ ಚಿತ್ರೀಕರಣಕ್ಕೆ ಬರುತ್ತಾನೆ. ಅವನು ಇವನ ಬಾಲ್ಯದ ಗೆಳೆಯ ಎಂಬ ಸುದ್ದಿ ಹಬ್ಬುತ್ತದೆ. ನಿನ್ನೆಯವರೆಗೆ ಕಡೆಗಣಿಸಿದ್ದವರೆಲ್ಲ ಅವನ ಬಾಗಿಲಿಗೆ ಬರುತ್ತಾರೆ. ಶ್ರೀನಿವಾಸನ್ ಬರೆದು ನಟಿಸಿದ ಈ ಚಿತ್ರದಲ್ಲಿ ಮಮ್ಮೂಟ್ಟಿಯವರದು ಅತಿಥಿ ಪಾತ್ರ. ನಟ ನಮಗೆ ದೂರವಾಗಿದ್ದಷ್ಟೂ ಕೊನೆಯಲ್ಲಿ ಅವನು ಬಾಯಿ ಬಿಟ್ಟಾಗ ಮಾತಿಗೆ ತೂಕ ಬರುತ್ತದೆ. ಹಿಂದಿಯ ‘ಬಿಲ್ಲು’ದಲ್ಲಿ ಆ ನಟ ಶಾರುಖ್ ಖಾನ್. ಅಷ್ಟು ದೊಡ್ಡ ತಾರೆಯನ್ನು ಮರೆಯಲ್ಲಿ ಇಡುವುದು ಹೇಗೆ? ಮೂವರು ಹೆಸರಾಂತ ನಟಿಯರೊಡನೆ ಅವರ ನೃತ್ಯಗೀತಗಳು ನಡುನಡುವೆ ಬಂದವು. ಸುಧಾಮನ ಕಥೆಯನ್ನು ದ್ವಾರಕೆಯಲ್ಲೇ ನಿಂತು ಹೇಳಿದಂತಾಯಿತು. ಇಲ್ಲಿ ಕಥೆ ಬದಲಾಗಲಿಲ್ಲ. ನೋಡುವ ಕಣ್ಣು ಹಳ್ಳಿಯಿಂದ ಹೊರಗೆ ಹೋಯಿತು.

ಹಾಗಾದರೆ ಗೆದ್ದದ್ದು ಯಾವುದೂ ಇಲ್ಲವೆ? ಇದೆ. ‘ಹೇರಾ ಫೇರಿ’ ಇದೆ. ‘ರಾಂಜಿ ರಾವ್ ಸ್ಪೀಕಿಂಗ್’ ಸಿದ್ದಿಕ್–ಲಾಲ್ ಜೋಡಿಯ ಮೊದಲ ಚಿತ್ರ. ಕೆಲಸಕ್ಕಾಗಿ ಕಾದು ಬಳಲಿದ ಇಬ್ಬರು ಯುವಕರು, ದಿವಾಳಿಯಾದ ನಾಟಕ ಕಂಪನಿಯೊಂದರ ಯಜಮಾನ ಮಾನ್ನಾರ್ ಮತ್ತಾಯಿ. ಹೀಗೆ ಮೂವರು ಕೈ ಖಾಲಿಯಾದವರು ಒಂದೇ ಸೂರಿನ ಕೆಳಗೆ ಜಗಳವಾಡುತ್ತ ಬಾಳುತ್ತಾರೆ. ಯಾರಿಗೋ ಬರಬೇಕಾಗಿದ್ದ ಅಪಹರಣಕಾರನ ಟೆಲಿಫೋನು ಇವರಿಗೆ ಬರುತ್ತದೆ. ಓದಿದ ಹುಡುಗರು ಕೆಲಸವಿಲ್ಲದೆ ಅಲೆಯುತ್ತಿದ್ದ ೧೯೮೦ರ ದಶಕದ ಕೇರಳದ ಬೇಗೆ ಆ ನಗೆಯ ಅಡಿಯಲ್ಲಿ ಉದ್ದಕ್ಕೂ ಇದೆ.

ಹಿಂದಿಗೆ ತರುವಾಗ ನಾಟಕ ಕಂಪನಿಯನ್ನು ಕೈಬಿಟ್ಟರು. ಊರೂರು ತಿರುಗಿ ಆಡುವ ಕಂಪನಿ ಕೇರಳದವರಿಗೆ ಪರಿಚಿತ. ಮುಂಬಯಿಯ ಹಿಂದಿ ಪ್ರೇಕ್ಷಕನಿಗೆ ಅಷ್ಟಿಲ್ಲ. ಅದರ ಬದಲು ಒಂದು ನಡೆಯದ ಗ್ಯಾರೇಜು ಬಂತು. ಅದರ ಯಜಮಾನನಾಗಿ ಬಾಬುರಾವ್ ಗಣಪತರಾವ್ ಆಪ್ಟೆ ಬಂದ. ಗಾಜಿನ ಬುಡದಂಥ ಕನ್ನಡಕ, ಧೋತ್ರ, ಬನಿಯನ್ನು, ಮರಾಠಿಯ ಎಳೆತವಿರುವ ಹಿಂದಿ. ಪರೇಶ್ ರಾವಲ್ ಅವರು ಅವನನ್ನು ಅಭಿನಯಿಸಿದರೆನ್ನುವುದಕ್ಕಿಂತ ಯಾವುದೋ ಚಾಳಿನಿಂದ ಕೈಹಿಡಿದು ಕರೆತಂದರೆನ್ನಬೇಕು. ನೀರಜ್ ವೋರಾ ಬರೆದ ಮಾತುಗಳು ಆ ಬಾಯಿಗೆಂದೇ ಹುಟ್ಟಿದವು. ಮಾನ್ನಾರ್ ಮತ್ತಾಯಿಗೂ ಬಾಬುರಾವ್‌ಗೂ ಹೆಸರಿನಲ್ಲಿ, ಜಾತಿಯಲ್ಲಿ, ಕಸುಬಿನಲ್ಲಿ, ಮಾತಿನಲ್ಲಿ ಒಂದೂ ಸಾಮ್ಯವಿಲ್ಲ. ಆದರೂ ಇಬ್ಬರೂ ಒಬ್ಬನೇ. ಬಾಡಿಗೆ ಬಾರದ, ಸಾಲ ತೀರದ, ಎಲ್ಲರ ಮೇಲೂ ರೇಗಿ ಯಾರನ್ನೂ ಹೊರಗಟ್ಟಲಾರದ ಮನುಷ್ಯನಿಗೆ ಮುಂಬಯಿಯಲ್ಲಿ ಯಾವ ಮುಖವಿರುತ್ತದೆ ಎಂದು ಹುಡುಕಿ ತೆಗೆದಿದ್ದಾರೆ. ಶ್ರೀಯವರು ಗ್ರೀಕ್ ವೀರನಿಗೆ ಕುರುಕ್ಷೇತ್ರವನ್ನು ಹುಡುಕಿಕೊಟ್ಟದ್ದು ಗಂಭೀರ ಕಾರ್ಯ. ಮಾನ್ನಾರ್ ಮತ್ತಾಯಿಗೆ ಗ್ಯಾರೇಜು ಹುಡುಕಿದ್ದು ಹಾಸ್ಯದ ಕಾರ್ಯ. ಕೆಲಸದ ಜಾತಿ ಮಾತ್ರ ಒಂದೇ.

‘ದೃಶ್ಯಂ’ ವಿಷಯವನ್ನೂ ಇಲ್ಲಿ ಹೇಳಬೇಕು. ಜೀತು ಜೋಸೆಫರ ಈ ಕಥೆ ಕನ್ನಡ, ತೆಲುಗು, ತಮಿಳು, ಹಿಂದಿಗಳಲ್ಲಿ ಓಡಿತು. ಚೀನೀ ಭಾಷೆಯಲ್ಲೂ ಅದು ಚಿತ್ರವಾಯಿತು. ಎಲ್ಲಿಗೆ ಹೋದರೂ ಬಾಡದ ಕಥೆ. ಅದಕ್ಕೆ ಕಾರಣ, ಅದರ ಆಧಾರ ಊರಿಗಿಂತ ಹೆಚ್ಚಾಗಿ ಕಾಲ: ಎರಡು ದಿನ ತಾವು ಎಲ್ಲಿದ್ದೆವು ಎಂಬುದನ್ನು ಒಂದು ಕುಟುಂಬ ಊರಿಗೆಲ್ಲ ನಂಬಿಸುವುದರಲ್ಲಿ ಕಥೆಯ ಬಿಗಿಯಿದೆ. ಗಡಿಯಾರ ಯಾವ ಗೋಡೆಗೆ ತೂಗುಹಾಕಿದರೂ ನಡೆಯುತ್ತದೆ. ಹಾಗಿದ್ದೂ ೨೦೧೫ರ ಹಿಂದಿ ಚಿತ್ರದಲ್ಲಿ ನಿಶಿಕಾಂತ್ ಕಾಮತ್ ಅವರು ನೆಲವನ್ನು ಮರೆಯಲಿಲ್ಲ. ಕೇಬಲ್ ಟಿ.ವಿ. ನಡೆಸುವ ಕ್ರೈಸ್ತ ಗೃಹಸ್ಥ ಜಾರ್ಜ್‌ಕುಟ್ಟಿ ಗೋವೆಯ ವಿಜಯ್ ಸಾಲಗಾಂವಕರ್ ಆದ. ಮೂಲದಲ್ಲಿ ಮನೆಯವರು ಹೋಗಿದ್ದೆವೆಂದು ಹೇಳುವ ಕ್ರೈಸ್ತರ ಧ್ಯಾನಶಿಬಿರ ಇಲ್ಲಿ ಪಣಜಿಯ ಸತ್ಸಂಗವಾಯಿತು. ನಾಲ್ಕಾರು ಜನರ ಮುಂದೆ ಧಾರಾಳವಾಗಿ ಹೇಳಿಕೊಳ್ಳಬಹುದಾದ, ಯಾರೂ ಅನುಮಾನಿಸದ ಪಯಣವೊಂದು ಪ್ರತಿಯೊಂದು ಸಮಾಜದಲ್ಲೂ ಇರುತ್ತದೆ. ಅದು ಯಾವುದೆಂದು ತಿಳಿದುಕೊಂಡದ್ದೇ ಜಾಣ್ಮೆ.

ಒಂದು ಸಂಗತಿಯನ್ನು ಓದುಗರು ಗಮನಿಸಿರಬಹುದು. ಹಿಂದಿಗೆ ಬಂದು ಚೆನ್ನಾಗಿ ಬೇರುಬಿಟ್ಟ ಪಾತ್ರಗಳು ಹೆಚ್ಚಾಗಿ ಹಿಂದಿಯವರೇ ಅಲ್ಲ: ಆಪ್ಟೆ, ಸಾಲಗಾಂವಕರ್, ಮನೆಯ ಮಟ್ಟಿಗಾದರೂ ಸಾಠೆ. ಇವರೆಲ್ಲ ಮರಾಠಿ ಕೊಂಕಣಿ ನೆಲದವರು. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಮಲಯಾಳ ಚಿತ್ರಕ್ಕೆ ಒಂದು ನಾಡಿದೆ. ಬೆಟ್ಟಕ್ಕೂ ಕಡಲಿಗೂ ನಡುವೆ ಒಂದು ಪಟ್ಟಿಯಷ್ಟು ನೆಲ. ಅಲ್ಲಿ ಒಬ್ಬನ ಹೆಸರು ಕೇಳಿದರೆ ಅವನ ಮನೆ, ಮತ, ಕಸುಬು, ಊಟ ಎಲ್ಲ ಪ್ರೇಕ್ಷಕನಿಗೆ ತಿಳಿಯುತ್ತದೆ; ನಿರ್ದೇಶಕ ವಿವರಿಸಬೇಕಾಗಿಲ್ಲ. ಹಿಂದಿ ಚಿತ್ರ ತಯಾರಾಗುವುದು ಮರಾಠಿ ನೆಲದಲ್ಲಿ. ಅದನ್ನು ನೋಡುವವರು ಜೋಧಪುರದಿಂದ ಪಾಟ್ನಾದವರೆಗೆ ಹರಡಿದ್ದಾರೆ. ಇವರ ಮಾತು ಬೇರೆ, ಮದುವೆ ಬೇರೆ, ಮನೆ ಬೇರೆ. ಎಲ್ಲರಿಗೂ ಸಲ್ಲಬೇಕೆಂಬ ಆಸೆಯಲ್ಲಿ ಆ ಚಿತ್ರಗಳ ನಾಯಕ ಬಹುಕಾಲ ಅಡ್ಡಹೆಸರಿಲ್ಲದ, ಊರಿಲ್ಲದ, ನೆಂಟರಿಲ್ಲದ ವ್ಯಕ್ತಿಯಾಗಿಯೇ ಬಾಳಿದ. ಮಲಯಾಳದ ಕಥೆಗೆ ಉಸಿರು ಕೊಡುವುದು ಯಾವುದೋ ಅದನ್ನೇ ಹಿಂದಿ ಚಿತ್ರ ಅಭ್ಯಾಸಬಲದಿಂದ ಮೊದಲು ಕಳಚಿಡುತ್ತದೆ. ನಿರ್ದೇಶಕರು ತಮ್ಮ ಕಾಲಕೆಳಗಿನ ನೆಲವನ್ನು ನೋಡಿಕೊಂಡಾಗ ಪಾತ್ರಗಳು ಎದ್ದು ಕುಳಿತಿವೆ. ಎಲ್ಲರ ನೆಲವನ್ನೂ ಒಟ್ಟಿಗೆ ತುಳಿಯಹೊರಟಾಗ ಮಲಗಿವೆ.

ಈ ಮಾತು ಈಗ ಆಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಹಿಂದೆ ಪಾಟ್ನಾದವನಿಗೆ ‘ಕಿರೀಡಂ’ ನೋಡಬೇಕೆಂದರೆ ಉಪಾಯವಿರಲಿಲ್ಲ. ‘ಗರ್ದಿಶ್’ ಅವನಿಗೆ ಉಪಕಾರವೇ ಆಗಿತ್ತು. ಇಂದು ಮೂಲ ಚಿತ್ರಗಳು ಅಡಿಬರಹದೊಡನೆ, ಎಷ್ಟೋ ಸಲ ಹಿಂದಿ ಡಬ್ಬಿಂಗಿನೊಡನೆ, ಮನೆಯಲ್ಲೇ ದೊರೆಯುತ್ತವೆ. ‘ದೃಶ್ಯಂ’ನ ಎರಡನೆಯ ಭಾಗ ೨೦೨೧ರಲ್ಲಿ ನೇರವಾಗಿ ಅಂತರ್ಜಾಲದ ಮೂಲಕ ಮನೆಮನೆಗೆ ಬಂತು. ಹಾಗಿದ್ದೂ ೨೦೨೨ರಲ್ಲಿ ಅದರ ಹಿಂದಿ ರೂಪವನ್ನು ಜನ ಚಿತ್ರಮಂದಿರಕ್ಕೆ ಹೋಗಿ ಮುಗಿಬಿದ್ದು ನೋಡಿದರು. ಎಂದರೆ ಜನ ರೂಪಾಂತರವನ್ನು ಬಯಸುವುದು ಕಥೆ ತಿಳಿಯದೆ ಅಲ್ಲ. ತಿಳಿದ ಕಥೆಯನ್ನೇ ತಮ್ಮ ಮಾತಿನಲ್ಲಿ, ತಮ್ಮ ಓಣಿಯಲ್ಲಿ ಕೇಳಬೇಕೆಂಬ ಆಸೆ ಅವರದು. ರಾಮನ ಕಥೆಯನ್ನು ನೂರು ಸಲ ಕೇಳಿದ ನಾಡಿಗೆ ಈ ಆಸೆಯನ್ನು ವಿವರಿಸಬೇಕಾಗಿಲ್ಲ. ಆ ಆಸೆಗೆ ಮರ್ಯಾದೆ ಕೊಡುವುದಾದರೆ ಓಣಿಯನ್ನು ನಿಜವಾಗಿ ಕಟ್ಟಿಕೊಡಬೇಕು. ಕಥೆಯನ್ನು ಮಾತ್ರ ತರುವ ಚಿತ್ರಕ್ಕೆ ಇನ್ನು ಮುಂದೆ ಕೆಲಸವಿಲ್ಲ. ಅದಕ್ಕೆ ಅಡಿಬರಹ ಸಾಕು.

ನನ್ನ ಮಿತ್ರರಿಗೆ ಕೊಡಬೇಕಾದ ಉತ್ತರ ಈಗ ಇಷ್ಟು: ದಾರಿಯಲ್ಲಿ ಬಿದ್ದುಹೋದದ್ದು ಕಥೆಯಲ್ಲ, ಕಥೆಯ ನೆಂಟರು. ಮುಂದಿನ ಭಾನುವಾರ ಅವರು ನಮ್ಮ ಮನೆಗೆ ಬರುವವರಿದ್ದಾರೆ. ‘ಮಣಿಚಿತ್ರತ್ತಾಳ್’ ಹಾಕಿ ಕೂರಿಸಬೇಕೆಂದಿದ್ದೇನೆ. ಮಲಯಾಳ ಬಾರದೆಂದು ಅವರು ಗೊಣಗಬಹುದು. ಶ್ರೀದೇವಿ ಬಾಗಿಲ ಬಳಿ ಬಂದು ನಿಲ್ಲುವ ದೃಶ್ಯದವರೆಗೆ ಸುಮ್ಮನಿದ್ದರೆ ಸಾಕು. ಅವರ ಮನೆಯಲ್ಲೂ ಅಂಥ ಒಬ್ಬಳು ಅತ್ತೆಯ ಮಗಳು ಇದ್ದಿರಲೇಬೇಕು.